ಹಿಂದಿನ ಕಿಟಕಿಯ ನೀಲಿ ಗುಂಡಿ

ನನ್ನ ಅಂಗಡಿಯಲ್ಲಿ ಎರಡು ಪರದೆಗಳಿವೆ. ಒಂದು ಗಿರಾಕಿಗಳ ಕಡೆ ಮುಖ ಮಾಡಿರುತ್ತದೆ, ಇನ್ನೊಂದು ಗೋಡೆಯ ಕಡೆ. ಗೋಡೆಯ ಕಡೆಗಿರುವುದು ನನ್ನದು. ಅದನ್ನು ನೋಡಬೇಕೆಂದರೆ ಮೇಜು ಬಳಸಿಕೊಂಡು ನನ್ನ ಕುರ್ಚಿಯ ಹಿಂದೆ ಬರಬೇಕು. ಅಲ್ಲಿ ಒಲೆ, ಕಲ್ಲಿದ್ದಲಿನ ಬಕೆಟ್ಟು, ಕೆಟ್ಟ ಪ್ರಿಂಟರುಗಳ ರಾಶಿ. ಯಾರು ಬರುತ್ತಾರೆ? ಇದೇ ಕೋಣೆಯ ಇನ್ನರ್ಧದಲ್ಲಿ ಕೂತು ಗಡಿಯಾರ ರಿಪೇರಿ ಮಾಡುವ, ನಾವೆಲ್ಲ ಬೈಕೆ, ಅಂದರೆ ಅಣ್ಣ, ಎಂದು ಕರೆಯುವ ತುರ್ದುಬಾಯ್ ಚಹಾಕ್ಕೆ ನೀರಿಡಲು ಬರುತ್ತಾರೆ, ನಿಜ. ಹನ್ನೊಂದು ವರ್ಷದಲ್ಲಿ ಅವರು ಆ ಪರದೆಯ ಬಗ್ಗೆ ಆಡಿದ್ದು ಒಂದೇ ಮಾತು: "ಅನಾರ್, ನಿನ್ನ ಕಂಪ್ಯೂಟರು ನಮ್ಮಜ್ಜಿ ಮನೆ ಥರ ಇದೆಯಲ್ಲ!"

ಇದೆ. ಅದರಲ್ಲಿ ತೆರೆದುಕೊಳ್ಳುವ ಪ್ರತಿ ಕಿಟಕಿಗೂ ಶಿರ್ದಾಕ್ ಜಮಖಾನದ ಅಂಚಿದೆ. ನೀಲಿ ನೆಲದ ಮೇಲೆ ಕೆಂಪು ಟಗರುಕೊಂಬು, ಎರಡರ ನಡುವೆ ದಾರದಷ್ಟು ಸಣ್ಣ ಹಳದಿ ಗೆರೆ. ಕಿಟಕಿ ಮುಚ್ಚುವ ಗುಂಡಿ ಎಲ್ಲರ ಕಂಪ್ಯೂಟರಿನ ಹಾಗೆ ಬಲಗಡೆ ಮೂಲೆಯಲ್ಲಿಲ್ಲ, ಎಡಗಡೆಯಲ್ಲಿದೆ. ನಾನೇನೂ ಎಡಚಿಯಲ್ಲ.

ಕಲಿಪಾ ಎಜೆ, ಅಂದರೆ ಕಲಿಪಾ ಅಕ್ಕ, ಬಂದದ್ದು ಫೆಬ್ರವರಿಯ ಒಂದು ಬುಧವಾರ ಬೆಳಿಗ್ಗೆ. ನರಿನ್ ಊರಿನ ಫೆಬ್ರವರಿ ಅಂದರೆ ಮೂಗಿನ ತುದಿ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳಬೇಕು. ಅವರು ಬಾಗಿಲು ತೆರೆದಿಟ್ಟುಕೊಂಡೇ ಬೂಟಿನ ಹಿಮ ಕೊಡವತೊಡಗಿದರು.

"ಬಾಗಿಲು ಹಾಕಮ್ಮ, ನನ್ನ ಗಡಿಯಾರಗಳೆಲ್ಲ ಮರಗಟ್ಟಿ ನಿಂತುಹೋಗ್ತವೆ," ಎಂದರು ತುರ್ದುಬಾಯ್ ಬೈಕೆ.

"ನಿಂತ್ರೆ ಒಳ್ಳೇದಲ್ವಾ ಬೈಕೆ? ಮತ್ತೆ ನಿಮ್ಮ ಹತ್ರಾನೇ ತರ್ತಾರೆ."

ಬೈಕೆ ನಕ್ಕು ತಮ್ಮ ಗಡಿಯಾರಕ್ಕೆ ಬಾಗಿದರು. ಕಲಿಪಾ ಎಜೆಯ ಬಾಯಿಗೆ ಎದುರು ನಿಲ್ಲುವವರು ಈ ಊರಲ್ಲಿ ಕಮ್ಮಿ. ಅವರು ಮಾಡಿದ ಶಿರ್ದಾಕ್ ಇಲ್ಲದ ಮದುವೆಯೂ ಕಮ್ಮಿ. ನನಗಿಂತ ನಾಲ್ಕು ವರ್ಷ ದೊಡ್ಡವರು. ಉಣ್ಣೆ ತುಳಿದು, ಹೊಲಿದು, ಬೆರಳುಗಳು ಗಂಡಸಿನ ಬೆರಳಿನಂತೆ ದಪ್ಪಗಾಗಿವೆ. ಎಸೆನ್‌ನ ಹೆಂಡತಿ.

"ಅನಾರ್ಕುಲ್ ಅಂದ್ರೆ ನೀನೇ ತಾನೆ? ನನ್ನ ಗುರುತು ಸಿಕ್ತಾ?"

ಸಿಕ್ಕದೆ ಏನು! ಇಪ್ಪತ್ತು ವರ್ಷದಿಂದ ಬಜಾರಿನಲ್ಲಿ ಅವರು ಒಂದು ಸಾಲಿಗೆ ಬಂದರೆ ನಾನು ಇನ್ನೊಂದು ಸಾಲಿಗೆ ಹೋಗುತ್ತಿದ್ದೆ.

"ಸಿಕ್ತು ಎಜೆ, ಕೂತ್ಕೊಳ್ಳಿ. ಎಸೆನ್ ಹೇಗಿದಾರೆ?"

"ಹೇಗಿರ್ತಾನೆ, ಖಾನನ ಥರ ಕೂತಿದಾನೆ. ಬಲಗೈ ಎದ್ದಿಲ್ಲ, ನಾಲಿಗೆಯೂ ಎದ್ದಿಲ್ಲ. ಎಡಗೈ ಉಳೀತಲ್ಲ ಬಿಡಮ್ಮ ಅಂತ ಡಾಕ್ಟರು ಸಮಾಧಾನ ಹೇಳಿದ್ರು. ಅವನು ಹುಟ್ಟಾ ಎಡಚ ಡಾಕ್ಟ್ರೇ, ಅದೇ ಅವನ ಬಲಗೈ ಅಂದೆ. ಡಾಕ್ಟರಿಗೆ ನಗು ಬಂತು. ನನಗೆ ಬರಲಿಲ್ಲ."

ಅಕ್ಟೋಬರಿನಲ್ಲಿ ಅವನಿಗೆ ಲಕ್ವ ಹೊಡೆದದ್ದು ಊರಿಗೆಲ್ಲ ಗೊತ್ತಿತ್ತು. ನದಿಯ ನೀರಿನ ಮಟ್ಟ ಅಳೆಯುವ ಕಚೇರಿಯಲ್ಲಿ ಅವನ ಕೆಲಸ. ಅಳತೆಗೋಲಿನ ಪಕ್ಕದಲ್ಲೇ ಕುಸಿದಿದ್ದನಂತೆ. ಆಸ್ಪತ್ರೆಯ ಗೇಟಿನ ತನಕ ನಾನೂ ಹೋಗಿದ್ದೆ. ಗೇಟಿನ ತನಕ.

"ಮಾತು ಹೋದ್ಮೇಲೆ ಅವನ ಬಾಯಿ ಅಂದ್ರೆ ಆ ಹಳೇ ಕಂಪ್ಯೂಟರೇ ಆಗಿತ್ತು," ಎಂದರು ಕಲಿಪಾ ಎಜೆ. "ಎಡಗೈಲಿ ಒಂದೊಂದೇ ಅಕ್ಷರ ಒತ್ತೋನು. 'ಒಲೆ ಆರಿದೆ.' 'ನಾಯಿಗೆ ಹಾಕಿದ್ಯಾ?' ಅಷ್ಟೇ, ಸಾಕಾಗಿತ್ತು ನಮಗೆ. ಹೋದ ತಿಂಗಳು ಅದು ಟಕ್ ಟಕ್ ಅಂತು, ಸತ್ತೋಯ್ತು. ಅಳಿಯ ಹೊಸದು ತಂದ, ಪಾಪ. ಚೆನ್ನಾಗೇ ಇದೆ. ಆದ್ರೆ ಒಳಗೆಲ್ಲ ಬೆಳ್ಳಗೆ, ಆಸ್ಪತ್ರೆ ಗೋಡೆ ಥರ. ಇವನು ಮೌಸ್ ಹಿಡ್ಕೊಂಡು ಎಡಗಡೆ ಮೂಲೆಗೆ ಹೋಗ್ತಾನೆ, ಏನೂ ಇಲ್ಲ. ಮತ್ತೆ ಹೋಗ್ತಾನೆ, ಏನೂ ಇಲ್ಲ. ಕುರುಡ ತನ್ನ ಮನೆ ಬಾಗಿಲು ಹುಡುಕಿದ ಹಾಗೆ. ಕೊನೆಗೆ ಮೌಸ್ ತಳ್ಳಿ ಗೋಡೆ ಕಡೆ ತಿರುಗಿ ಕೂತ್ಬಿಟ್ಟ. ಇಪ್ಪತ್ಮೂರು ದಿನ ಆಯ್ತು, ಹುಡುಗಿ. ಒಂದಕ್ಷರ ಇಲ್ಲ."

ಹಳೆಯ ಡಿಸ್ಕನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದರು. ಸಿಕ್ಕಿಸಿ ನೋಡಿದೆ. ಬಾಗಿಲು ತಟ್ಟಿದಂತೆ ನಾಲ್ಕು ಸಲ ಸದ್ದು ಮಾಡಿ ನಿಂತಿತು. ಅದರಿಂದ ಇನ್ನು ಏನೂ ಬರುವುದಿಲ್ಲ ಎಂದು ಹೇಳುವ ಮೊದಲೇ ಅವರಿಗೆ ಅರ್ಥವಾಯಿತು.

"ಗೊತ್ತಿತ್ತು. ಅದಕ್ಕೇ ಇದನ್ನ ತಂದೆ." ಚೀಲದಿಂದ ಎರಡು ಅಂಗೈ ಅಗಲದ ಒಂದು ಶಿರ್ದಾಕ್ ತುಂಡು ತೆಗೆದು ಮೇಜಿನ ಮೇಲಿಟ್ಟರು. ಕೆಂಪು ನೆಲ, ನೀಲಿ ಕೊಂಬು, ನಡುವೆ ಹಳದಿ ಹುರಿ. "ಅವನ ಕಿಟಕಿಗಳ ಸುತ್ತ ಇದ್ದದ್ದು ಇದೇ. ಇಪ್ಪತ್ತು ವರ್ಷ ಆ ಪರದೆ ಧೂಳು ಒರೆಸಿದೀನಿ, ಕಣ್ಣು ಮುಚ್ಚಿಕೊಂಡು ಕತ್ತರಿಸ್ತೀನಿ. ಇದನ್ನ ನೋಡ್ಕೊಂಡು ಹೊಸದ್ರಲ್ಲಿ ಅಂಥದ್ದೇ ಹಾಕೋಕಾಗುತ್ತಾ? ಗುಂಡಿ ಎಡಗಡೆಗೇ ಬರ್ಬೇಕು. ನಿನ್ನ ಬಿಟ್ರೆ ಈ ಊರಲ್ಲಿ ಯಾರಿಗೂ ಆಗಲ್ಲ ಅಂದ್ರು."

ತುಂಡನ್ನು ಕೈಗೆತ್ತಿಕೊಂಡೆ. ಕೊಂಬಿನ ತುದಿಯಲ್ಲಿ ಒಳಕ್ಕೆ ಮಡಿಸಿದ ಒಂದು ಪುಟ್ಟ ಕೊಕ್ಕೆ ಇತ್ತು. ಅದು ನನ್ನಜ್ಜಿಯ ಕೊಕ್ಕೆ. ಅದನ್ನು ಇನ್ನು ಯಾರೂ ಹಾಗೆ ಮಡಿಸುವುದಿಲ್ಲ.

"ಇದರ ಜೋಡಿ?" ಎಂದೆ. ಬಾಯಿಗೆ ಬಂದ ಮೊದಲ ಮಾತು ಅದೇ.

"ಮನೇಲಿದೆ. ಬೆಕ್ಕು ಮಲಗುತ್ತೆ."

ಶಿರ್ದಾಕ್ ಯಾವತ್ತೂ ಒಂಟಿಯಾಗಿ ಹುಟ್ಟುವುದಿಲ್ಲ. ಕೆಂಪಿನದೊಂದು, ನೀಲಿಯದೊಂದು ಉಣ್ಣೆಹಾಳೆ ಒಂದರ ಮೇಲೊಂದು ಹಾಸಿ, ಚಾಕು ಎರಡನ್ನೂ ಒಟ್ಟಿಗೆ ಸೀಳುತ್ತದೆ. ಕೆಂಪಿನಿಂದ ತೆಗೆದ ಕೊಂಬು ನೀಲಿಯ ಹೊಟ್ಟೆಗೆ, ನೀಲಿಯಿಂದ ತೆಗೆದದ್ದು ಕೆಂಪಿನ ಹೊಟ್ಟೆಗೆ. ಒಂದು ಚೂರೂ ದಂಡವಾಗುವುದಿಲ್ಲ. ಒಂದು ಮಾಡಲು ಕೂತರೆ ಎರಡಾಗುತ್ತವೆ.

"ನೋಡ್ತೀನಿ ಎಜೆ. ಶನಿವಾರ ಹೊಸ ಕಂಪ್ಯೂಟರು ತಗೊಂಡು ಬನ್ನಿ," ಎಂದೆ. ಆಗುವುದಿಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಇಪ್ಪತ್ತಮೂರು ದಿನ ಗೋಡೆ ನೋಡಿಕೊಂಡು ಕೂತವನ ಮಾತು ಗೋಡೆಯ ಕಡೆಗಿದ್ದ ನನ್ನ ಪರದೆಯಲ್ಲಿತ್ತು. ಬಣ್ಣ ಅದಲುಬದಲಾಗಿತ್ತು, ಅಷ್ಟೇ.

ಎರಡು ಸಾವಿರದ ಮೂರನೇ ಇಸವಿಯ ಚಳಿಗಾಲ. ಲೆನಿನ್ ಬೀದಿಯಲ್ಲಿ ಗಂಟೆ ಲೆಕ್ಕಕ್ಕೆ ಬಾಡಿಗೆ ಕೊಡುವ ಕಂಪ್ಯೂಟರ್ ಕೋಣೆಯಲ್ಲಿ ನಾನೂ ಎಸೆನ್ನೂ ಕೆಲಸಕ್ಕಿದ್ದೆವು. ಎಂಟು ಕಂಪ್ಯೂಟರು, ಅದರಲ್ಲಿ ಐದು ಏಳುತ್ತಿದ್ದವು. ಇಬ್ಬರಿಗೂ ಯಾರೂ ಏನೂ ಕಲಿಸಿರಲಿಲ್ಲ. ಕೆಡಿಸಿ ಕೆಡಿಸಿ ಕಲಿತೆವು. ಕರೆಂಟು ಹೋದಾಗ ಹುಡುಗರೆಲ್ಲ ಎದ್ದು ಮನೆಗೆ ಹೋಗುತ್ತಿದ್ದರು, ನಾವು ಒಲೆಯ ಹತ್ತಿರ ಕೂತು ಚಹಾ ಕುಡಿಯುತ್ತಿದ್ದೆವು. ಅವನಿಗೆ ಹಾಲು ಹಾಕಿದ ಚಹಾಕ್ಕೆ ಎರಡು ಚಿಟಿಕೆ ಉಪ್ಪು ಬೇಕು. ಒಂದು ಹಾಕಿದರೆ ಮುಖ ಸಪ್ಪೆ ಮಾಡಿಕೊಂಡು ಕುಡಿಯುತ್ತಿದ್ದ, ಬಾಯಿಬಿಟ್ಟು ಹೇಳುವವನಲ್ಲ.

ಆಗೆಲ್ಲ ಹುಡುಗರಿಗೆ ಕಿಟಕಿಗಳ ಬಣ್ಣ ಬದಲಾಯಿಸುವ ಹುಚ್ಚು. ಎಲ್ಲಿಂದಲೋ ಸಿಡಿ ತಂದು ಹಾಕುತ್ತಿದ್ದರು: ಉಕ್ಕಿನ ಕಿಟಕಿ, ಬೆಂಕಿಯ ಕಿಟಕಿ, ಹುಲಿಯ ಪಟ್ಟೆಯ ಕಿಟಕಿ. ಒಂದು ದಿನ ಎಸೆನ್ ಅಂದ, "ಎಲ್ಲಾ ಯಾರದೋ ಮನೆ ಕಿಟಕಿ ಕಣೇ ಅನಾರ್. ನಮ್ಮನೇದು ಒಂದೂ ಇಲ್ವಲ್ಲ."

"ನಮ್ಮನೇಲಿ ಕಿಟಕಿ ಎಲ್ಲಿತ್ತು? ನಮ್ಮಜ್ಜ ಡೇರೆಲಿದ್ದ. ನೆಲದ ಮೇಲೆ ಶಿರ್ದಾಕ್ ಇತ್ತು, ಅಷ್ಟೇ," ಎಂದೆ.

"ಹಾಗಾದ್ರೆ ಅದನ್ನೇ ಹಾಕೋಣ."

ಚೌಕಳಿ ಕಾಗದದ ಮೇಲೆ ನಾನು ಅಜ್ಜಿಯ ಕೊಂಬು ಬರೆದೆ, ಒಂದು ಚೌಕಕ್ಕೆ ಒಂದು ಚುಕ್ಕೆ ಲೆಕ್ಕ. ಅವನು ಚುಕ್ಕೆ ಚುಕ್ಕೆಯಾಗಿ ಪರದೆಗೆ ಇಳಿಸಿದ. ಒಂದು ಕಿಟಕಿ ಎಂದರೆ ಒಂದು ಚಿತ್ರವಲ್ಲ. ಮೇಲಿನ ಪಟ್ಟಿ, ಪಕ್ಕದ ಅಂಚು, ಮೂಲೆ, ಗುಂಡಿ. ಗುಂಡಿ ಒತ್ತಿದಾಗ ಒಂದು, ಬಿಟ್ಟಾಗ ಒಂದು, ಕಿಟಕಿ ಮುಂದಿದ್ದಾಗ ಒಂದು, ಬೇರೆ ಕಿಟಕಿಯ ಹಿಂದೆ ಹೋದಾಗ ಇನ್ನೊಂದು. ಎಲ್ಲ ಸೇರಿ ಅರವತ್ತರ ಹತ್ತಿರ ಪುಟ್ಟ ಪುಟ್ಟ ಚಿತ್ರ. ಗುಂಡಿಯನ್ನು ಅವನು ತನ್ನ ಕೈಗೆ ಒಗ್ಗುವಂತೆ ಎಡಗಡೆಗೆ ಇಟ್ಟ. ಮುಗಿಯುವಷ್ಟರಲ್ಲಿ ಮಾರ್ಚ್ ಬಂದಿತ್ತು.

"ನಿಮ್ಮಜ್ಜಿ ಲೆಕ್ಕದಲ್ಲಿ ಎರಡಾಗಬೇಕಲ್ಲ?" ಎಂದು ಕೇಳಿದ.

"ಆಗ್ಬೇಕು. ಒಂದು ನಿಂದು, ಒಂದು ನಂದು."

ಅವನು ಕೆಂಪು ನೆಲದ್ದು ಇಟ್ಟುಕೊಂಡ, ನನಗೆ ನೀಲಿ ನೆಲದ್ದು ಬಂತು. ಅದರ ಅರ್ಥ ಏನೆಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಏಪ್ರಿಲ್‌ನಲ್ಲಿ ಅವನ ತಾಯಿ ಕಲಿಪಾ ಎನ್ನುವ ಹುಡುಗಿಯ ಮನೆಗೆ ಹೋಗಿ ಕಿವಿಗೆ ಓಲೆ ಇಟ್ಟು ಬಂದರು. ನಮ್ಮಲ್ಲಿ ಓಲೆ ಇಟ್ಟರೆ ಮದುವೆ ಗೊತ್ತಾದಂತೆಯೇ. ಮರುದಿನ ಅವನು ಬಂದು ಬಾಗಿಲಲ್ಲೇ ನಿಂತು, "ಓಲೆ ಇಟ್ರಂತೆ" ಎಂದ. ತಾನು ಆ ಊರಲ್ಲೇ ಇರಲಿಲ್ಲವೇನೋ ಎಂಬಂತೆ. ನಾನು "ಒಳ್ಳೇದಾಯ್ತು" ಎಂದೆ. ಬೇರೆ ಏನಾದರೂ ಎಂದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸುತ್ತ ಎಷ್ಟು ವರ್ಷ ಕಳೆದೆನೋ! ನನಗೂ ಮದುವೆಯಾಯಿತು, ಆರು ವರ್ಷ ಬಾಳಿದೆವು, ಜಗಳವಿಲ್ಲದೆ ಬಿಟ್ಟೆವು. ಕಂಪ್ಯೂಟರುಗಳು ಹೋದವು, ಹೊಸವು ಬಂದವು. ಪ್ರತಿ ಸಲವೂ ಹಳೆಯ ಅಂಚು ಹೊಸದಕ್ಕೆ ಒಗ್ಗುತ್ತಿರಲಿಲ್ಲ, ಪ್ರತಿ ಸಲವೂ ಅಳತೆ ತಿದ್ದಿ ಕೂರಿಸಿಕೊಂಡೆ. ಈಚಿನವು ಯಾರ ಅಂಚನ್ನೂ ಒಪ್ಪುವುದಿಲ್ಲ ಎಂದು ಗೊತ್ತಾದಾಗ, ಅಂಚನ್ನು ಒಪ್ಪುವ ಉಚಿತ ವ್ಯವಸ್ಥೆಯೊಂದನ್ನು ಹುಡುಕಿ ಕಲಿತೆ. ಗಿರಾಕಿಗಳಿಗೆ "ಇದಕ್ಕೆ ವೈರಸ್ ಬರಲ್ಲ, ಅದಕ್ಕೇ" ಎಂದು ಹೇಳುತ್ತೇನೆ.

ಕಲಿಪಾ ಎಜೆ ಹೋದ ಮೇಲೆ ನನ್ನ ಚಿತ್ರಗಳ ನಕಲು ತೆಗೆದುಕೊಂಡು ಎರಡು ದಿನ ಕೂತೆ. ಕೆಂಪನ್ನು ನೇರ ನೀಲಿ ಮಾಡಿದರೆ ಎಲ್ಲವೂ ನೀಲಿಯಾಗಿ ಬಿಡುತ್ತದೆ. ಆದ್ದರಿಂದ ಮೊದಲು ಕೆಂಪನ್ನು ಬಿಳಿ ಮಾಡಬೇಕು, ಆಮೇಲೆ ನೀಲಿಯನ್ನು ಕೆಂಪು, ಆಮೇಲೆ ಬಿಳಿಯನ್ನು ನೀಲಿ. ಹೀಗೆ ಒಂದೊಂದೇ ಚಿತ್ರ, ಅರವತ್ತೂ. ಹಳದಿ ಹುರಿಯನ್ನು ಮುಟ್ಟಲಿಲ್ಲ. ಹುರಿ ಎರಡು ಶಿರ್ದಾಕಿಗೂ ಒಂದೇ. ಒಂದೊಂದು ಮೂಲೆ ಕೆಂಪಾಗುತ್ತ ಹೋದಂತೆ ಅವನ ಪರದೆ ನನ್ನ ಮುಂದೆ ತಯಾರಾಗುತ್ತಿತ್ತು. ಇಪ್ಪತ್ತು ವರ್ಷ ಅವನು ದಿನವೂ ನೋಡಿದ್ದು ಇದು. ಆ ಮಾರ್ಚಿನ ನಂತರ ನಾನು ಒಮ್ಮೆಯೂ ನೋಡಿರಲಿಲ್ಲ.

"ಊಟಾನಾದ್ರೂ ಮಾಡೇ," ಎಂದು ತುರ್ದುಬಾಯ್ ಬೈಕೆ ತಟ್ಟೆಯಲ್ಲಿ ಎಣ್ಣೆಯಲ್ಲಿ ಕರಿದ ಬೋರ್ಸೊಕ್ ರೊಟ್ಟಿ ತಂದಿಟ್ಟರು. "ಯಾವ ಅಧ್ಯಕ್ಷರ ಕಂಪ್ಯೂಟರು ಅದು, ಇಷ್ಟೊಂದು ಮುದ್ದು?"

"ಅಧ್ಯಕ್ಷರದ್ದಾಗಿದ್ರೆ ಇಷ್ಟೊತ್ತಿಗೆ ಮುಗಿಸ್ತಿದ್ದೆ, ಬೈಕೆ."

ಶನಿವಾರ ಕಲಿಪಾ ಎಜೆ ಅಳಿಯ ತಂದ ಹೊಸ ಕಂಪ್ಯೂಟರನ್ನೇ ಜಾರುಬಂಡಿಯ ಮೇಲಿಟ್ಟು ಎಳೆದುಕೊಂಡು ಬಂದರು. ನನ್ನ ಆ ಉಚಿತ ವ್ಯವಸ್ಥೆಯನ್ನೂ ಚಿತ್ರಗಳನ್ನೂ ಅದಕ್ಕೆ ಹಾಕಿ, ಗಿರಾಕಿಗಳ ಕಡೆಯ ಪರದೆಗೆ ಜೋಡಿಸಿ, ಒಂದು ಕಿಟಕಿ ತೆರೆದೆ. ಕೆಂಪು ನೆಲ, ನೀಲಿ ಕೊಂಬು.

ಅವರು ಹತ್ತಿರ ಬಂದರು. ದಪ್ಪ ಬೆರಳನ್ನು ಗಾಜಿನ ಮೇಲಿಟ್ಟು ಹಳದಿ ಹುರಿಯ ಗುಂಟ ಸುತ್ತ ಒಂದು ಸಲ ಹೋದರು. "ಅದೇ," ಎಂದರು. "ಕೊಕ್ಕೆ ಕೂಡ. ಅದು ನನ್ನ ತುಂಡಲ್ಲಿ ಸರಿಯಾಗಿ ಬಂದಿರ್ಲಿಲ್ಲ. ಇಲ್ಲಿ ಸರಿಯಾಗಿದೆ." ಆಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಬದಲಿಗೆ ಜಂಬದಿಂದ, "ಎಷ್ಟು ಬೇಕಾದ್ರೂ ತೆರೀಬಹುದು, ನೋಡಿ," ಎಂದು ಅದರ ಮೇಲೆ ಇನ್ನೊಂದು ಕಿಟಕಿ ತೆರೆದೆ. ಮೊದಲನೆಯದು ಹಿಂದೆ ಸರಿಯಿತು, ಅದರ ಎಡಗಡೆ ಮೂಲೆ ಮಾತ್ರ ಹೊರಗೆ ಕಾಣುತ್ತಿತ್ತು.

"ತಡಿ," ಎಂದರು ಕಲಿಪಾ ಎಜೆ. "ಆ ಹಿಂದಿನದು. ಆ ಗುಂಡಿ."

ನೋಡಿದೆ. ಹಿಂದಿನ ಕಿಟಕಿಯ ಮುಚ್ಚುವ ಗುಂಡಿ ನೀಲಿಯಾಗಿತ್ತು. ನೀಲಿ ನೆಲ, ಕೆಂಪು ಕೊಂಬು. ಅರವತ್ತರಲ್ಲಿ ಒಂದನ್ನು ಬದಲಾಯಿಸಲು ಮರೆತಿದ್ದೆ. ಕಿಟಕಿ ಹಿಂದಿದ್ದಾಗ ಮಾತ್ರ ಕಾಣುವ ಚಿತ್ರ ಅದು, ನಾನು ನೋಡುತ್ತಿದ್ದದ್ದು ಬರೀ ಮುಂದಿನದನ್ನು. ಈಗಲೂ ಹೇಳುತ್ತೇನೆ, ಬೇಕೆಂದು ಬಿಟ್ಟದ್ದಲ್ಲ.

ಬೇರೆ ಯಾರೇ ಆಗಿದ್ದರೂ ಅದೊಂದು ಅಂದಕ್ಕೆ ಇಟ್ಟ ಬಣ್ಣ ಎಂದುಕೊಳ್ಳುತ್ತಿದ್ದರು. ಆದರೆ ಮೂವತ್ತು ವರ್ಷ ಉಣ್ಣೆ ಕತ್ತರಿಸಿದ ಕಣ್ಣು ಅದು.

"ಇದು ಆ ಕಡೆ ಹಾಳೆಯ ತುಂಡು," ಎಂದರು ಮೆಲ್ಲಗೆ. "ನನ್ನ ತುಂಡು ನೋಡಿ ಬರೆದಿದ್ರೆ ಇದು ಎಲ್ಲಿಂದ ಬರ್ಬೇಕು? ನೀನು ಬರೆದಿಲ್ಲ ಅನಾರ್. ಇದರ ಜೋಡಿ ನಿನ್ನ ಹತ್ರ ಇದೆ."

ತುರ್ದುಬಾಯ್ ಬೈಕೆಯ ಪುಟ್ಟ ಸುತ್ತಿಗೆ ನಿಂತಿತು. ಅವರು ಎದ್ದು, ಮೆಣಸಿನಕಾಯಿ ತರಬೇಕು ಎಂದೋ ಏನೋ ಗೊಣಗಿ ಹೊರಗೆ ಹೋದರು.

ಗೋಡೆಯ ಕಡೆಗಿದ್ದ ಪರದೆಯನ್ನು ಅವರ ಕಡೆಗೆ ತಿರುಗಿಸಿದೆ.

ಅವರು ತುಂಬ ಹೊತ್ತು ನೋಡಿದರು. ಒಮ್ಮೆ ಅದನ್ನು, ಒಮ್ಮೆ ಇದನ್ನು. ಉಣ್ಣೆಯ ಅಂಗಡಿಯಲ್ಲಿ ಎರಡು ಹಾಳೆ ಒಂದೇ ದಪ್ಪವಿದೆಯೇ ಎಂದು ನೋಡುವಂತೆ.

"ಮದುವೆಯಾಗಿ ಬಂದ ಮೊದಲನೇ ವಾರಾನೇ ಕೇಳಿದ್ದೆ," ಎಂದರು. "ಇದು ಕತ್ತರಿಸಿದ ಅಂಚು, ಬರೆದದ್ದಲ್ಲ, ಇದರ ಇನ್ನೊಂದು ಎಲ್ಲಿ ಅಂತ. ಕಂಪ್ಯೂಟರಲ್ಲಿ ಇನ್ನೊಂದು ಇರಲ್ಲ ಕಣೇ ಅಂದ. ನಂಬಿದೆ. ನಂಬಿದವಳ ಥರ ಇದ್ದೆ. ಆ ಕೋಣೇಲಿ ಯಾರ್ಯಾರು ಕೆಲಸಕ್ಕಿದ್ರು ಅಂತ ಎಲ್ಲರ ಕಥೆ ಹೇಳ್ತಿದ್ದ. ನಿನ್ನ ಹೆಸರು ಮಾತ್ರ ಒಂದು ಸಲಾನೂ ಎತ್ತಲಿಲ್ಲ. ಅದ್ರಲ್ಲೇ ನನಗೆ ಗೊತ್ತಾಗಬೇಕಿತ್ತು."

"ಎಜೆ, ಏನೂ ನಡೆದಿಲ್ಲ. ಒಂದು ಮಾತೂ ಆಡಿಲ್ಲ ನಾವು."

"ಗೊತ್ತು. ಆಡಿದ್ದಿದ್ರೆ ಮುಗಿದುಹೋಗೋದು." ಅವರು ಶಾಲು ಬಿಗಿಮಾಡಿಕೊಂಡರು. "ನಾನೂ ಕಿವಿ ಒಡ್ಡಿದವಳೇ, ಓಲೆ ಇಟ್ಟವಳಲ್ಲ. ಯಾರನ್ನ ಬೈಯೋದು?"

"ಆ ಗುಂಡಿ ಎರಡು ನಿಮಿಷದ ಕೆಲಸ. ಕೆಂಪು ಮಾಡಿ ಕೊಡ್ತೀನಿ."

ಮೌಸ್ ಹಿಡಿದ ನನ್ನ ಕೈಯ ಮೇಲೆ ಅವರ ಕೈ ಬಂತು. ಒರಟು ಕೈ, ಬಿಸಿ ಇತ್ತು. ಅವರು ಹೊರಗೆ ಜಾರುಬಂಡಿಯ ಮೇಲೆ ಹಿಮ ಬೀಳುವುದನ್ನು ನೋಡಿದರು.

"ಬಿಡು. ಹೊಲಿದಾಗಿದೆ, ಬಿಚ್ಚೋದು ಬೇಡ," ಎಂದರು. ಆಮೇಲೆ ಬೇರೆಯದೇ ದನಿಯಲ್ಲಿ, "ಮನೆಗೆ ಬಂದು ನೀನೇ ಜೋಡಿಸಿ ಕೊಡ್ತೀಯಾ?"

ಸೇತುವೆ ದಾಟಿದರೆ ಅವರ ಮನೆ, ಹತ್ತು ನಿಮಿಷದ ದಾರಿ. ನಾನು ಆ ಹತ್ತು ನಿಮಿಷ ಎಷ್ಟು ಸಲ ನಡೆದಿದ್ದೆನೋ, ಸೇತುವೆಯ ತನಕ. ಅವನ ಎಡಗೈ ಮೂಲೆಗೆ ಹೋಗಿ ಆ ಗುಂಡಿಯನ್ನು ಹುಡುಕಿಕೊಳ್ಳುವುದನ್ನು ಒಂದೇ ಒಂದು ಸಲ ನೋಡಿದರೆ ಸಾಕು ಎನ್ನಿಸಿತು. ನೋಡಿದರೆ ಸಾಕಾಗುವುದಿಲ್ಲ ಎಂದೂ ಗೊತ್ತಿತ್ತು.

"ಮೂರು ತಂತಿ ಅಷ್ಟೇ ಎಜೆ. ನಿಮಗೇ ಬರುತ್ತೆ," ಎಂದೆ.

ಅವರು ಒತ್ತಾಯಿಸಲಿಲ್ಲ. ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ ಮಗುವನ್ನು ಎತ್ತುವಂತೆ ಎತ್ತಿಕೊಂಡರು. ಮೇಜಿನ ಮೇಲೆ ಕೆಂಪು ತುಂಡು ಹಾಗೇ ಉಳಿದಿತ್ತು.

"ಶಿರ್ದಾಕ್ ಮರೆತ್ರಿ, ಎಜೆ."

"ಮರೆತಿಲ್ಲ," ಎಂದು ಬಾಗಿಲು ಹಾಕಿಕೊಂಡು ಹೋದರು. ಈ ಸಲ ಸರಿಯಾಗಿ ಹಾಕಿದರು.

ಒಂಬತ್ತು ದಿನ ಫೋನು ಬರಲಿಲ್ಲ. ನಾನೇ ಎರಡು ಸಲ ನಂಬರು ಒತ್ತಿ ಅಳಿಸಿದೆ. ಹತ್ತನೆಯ ದಿನ ಮಧ್ಯಾಹ್ನ ಬಂತು.

"ಬರೆದ ಕಣೇ!" ಕಿವಿ ಕಿತ್ತುಹೋಗುವಂಥ ದನಿ.

"ಏನು? ಏನು ಬರೆದ್ರು?"

"'ಚಹಾಕ್ಕೆ ಉಪ್ಪು ಕಮ್ಮಿ.' ಕೇಳಿದ್ಯಾ? ಇಪ್ಪತ್ತು ವರ್ಷ ಕುಡಿದಿದಾನೆ ಆ ಚಹಾನ! ನಾಲಿಗೆ ಇದ್ದಾಗ ಒಂದಿನ ಹೇಳ್ಲಿಲ್ಲ, ಈಗ ಒಂದೊಂದೇ ಅಕ್ಷರ ಕುಟ್ಟಿ ಹೇಳ್ತಾನೆ, ನೋಡು!" ನಗುತ್ತಿದ್ದರೋ ಅಳುತ್ತಿದ್ದರೋ, ಫೋನಿನಲ್ಲಿ ತಿಳಿಯಲಿಲ್ಲ. ಮೂಗು ಒರೆಸಿಕೊಂಡರು. ಆಮೇಲೆ ದನಿ ತಗ್ಗಿಸಿ, "ಎಷ್ಟು ಹಾಕ್ಬೇಕು?" ಎಂದು ಕೇಳಿದರು.

ಗೊತ್ತಿಲ್ಲ ಎನ್ನಬಹುದಿತ್ತು.

"ಎರಡು ಚಿಟಿಕೆ," ಎಂದೆ.

"ಎರಡು," ಎಂದರು ಕಲಿಪಾ ಎಜೆ. "ಸರಿ." ಫೋನು ಇಡುತ್ತಾರೇನೋ ಎಂದುಕೊಂಡೆ. "ಇನ್ನೊಂದು ಮಾತು. ಮೊದಲೆಲ್ಲ ಕೆಲಸ ಮುಗಿದ್ರೆ ಎಲ್ಲಾ ಮುಚ್ಚಿಬಿಡೋನು. ಈಗ ಯಾವಾಗ್ಲೂ ಎರಡು ಕಿಟಕಿ ತೆರೆದಿಟ್ಕೋತಾನೆ. ಮುಂದಿನದ್ರಲ್ಲಿ ಬರೀತಾನೆ. ಹಿಂದಿನದ್ರಲ್ಲಿ ಏನೂ ಇಲ್ಲ, ಖಾಲಿ. ಮೂಲೆ ಮಾತ್ರ ಕಾಣೋ ಹಾಗೆ ಸರಿಸಿ ಇಟ್ಕೋತಾನೆ. ಮುಚ್ಚೋಕೆ ಹೋದ್ರೆ ಕೈ ಹಿಡ್ಕೋತಾನೆ. ಅದರಿಂದ ಕಂಪ್ಯೂಟರಿಗೆ ಏನಾದ್ರೂ ತೊಂದ್ರೆ ಇದೆಯಾ?"

"ಇಲ್ಲ ಎಜೆ. ಏನೂ ತೊಂದ್ರೆ ಇಲ್ಲ."

"ಹಾಗಾದ್ರೆ ಇರ್ಲಿ," ಎಂದು ಫೋನು ಇಟ್ಟರು.

ಒಲೆಯ ಮೇಲೆ ನೀರು ಕುದಿಯುತ್ತಿತ್ತು. ತುರ್ದುಬಾಯ್ ಬೈಕೆ ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆಯದೆಯೇ, "ಯಾರಮ್ಮ ಫೋನು?" ಎಂದು ಕೇಳಿದರು. "ಗಿರಾಕಿ," ಎಂದೆ. ಅವರ ಬಟ್ಟಲಿಗೆ ಒಂದು ಚಿಟಿಕೆ ಉಪ್ಪು ಹಾಕಿದೆ, ನನ್ನದಕ್ಕೆ ಎರಡು. ನನಗೆ ಅಷ್ಟು ಉಪ್ಪು ಸೇರುವುದಿಲ್ಲ.

ನನ್ನ ಪರದೆಯ ಮುಂದೆ ಕೂತು ಖಾಲಿ ಕಿಟಕಿಯೊಂದನ್ನು ತೆರೆದೆ, ಅದರ ಮೇಲೆ ಇನ್ನೊಂದು. ಮೇಲಿನದನ್ನು ಸ್ವಲ್ಪ ಬಲಕ್ಕೆ ಎಳೆದೆ. ಹಿಂದಿನದರ ಮೂಲೆಯಲ್ಲಿ ನೀಲಿ ಗುಂಡಿ ಕಂಡಿತು. ಬೇರೆಲ್ಲ ಚಿತ್ರಗಳೂ ಅವನಲ್ಲಿ ಒಂದು ಬಣ್ಣ, ನನ್ನಲ್ಲಿ ಒಂದು ಬಣ್ಣ. ಇಬ್ಬರಲ್ಲೂ ಒಂದೇ ಆಗಿರುವುದು ಇದೊಂದೇ. ಚಹಾ ತಣ್ಣಗಾಗುವ ತನಕ ಅದನ್ನು ಹಾಗೇ ಬಿಟ್ಟಿದ್ದೆ.